ಅಮ್ಮನಿಗೆ ಕೋವಿಡ್ ಬಂದರೆ ಎದೆಹಾಲು ನಿಲ್ಲಿಸಬೇಕಾ? ಬಾಣಂತಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಈ ಪ್ರಶ್ನೆ ಬರುವುದು ಹೆಚ್ಚಾಗಿ ರಾತ್ರಿ ಹನ್ನೊಂದರ ಮೇಲೆ. "ಟೆಸ್ಟ್ ಪಾಸಿಟಿವ್ ಬಂದಿದೆ. ಮಗುವಿಗೆ ಇಪ್ಪತ್ತು ದಿನ. ಹಾಲು ಕುಡಿಸಬಹುದಾ?" ಐದು ನಿಮಿಷ ಬಿಟ್ಟು ಇನ್ನೊಂದು ಮೆಸೇಜು: "ಅತ್ತೆ ಆಗಲೇ ಹಾಲಿನ ಪುಡಿ ತರಿಸಿಬಿಟ್ಟಿದ್ದಾರೆ."

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಮಗು ಅಳುತ್ತಿದ್ದರೆ ಪೂರ್ತಿ ಓದಲು ನಿಮಗೆ ಪುರುಸೊತ್ತು ಇರುವುದಿಲ್ಲ. ಕುಡಿಸಿ. ಮಾಸ್ಕ್ ಹಾಕಿಕೊಳ್ಳಿ, ಕೈ ತೊಳೆದುಕೊಳ್ಳಿ, ಕಿಟಕಿ ತೆಗೆಯಿರಿ, ಕುಡಿಸಿ. ಉಳಿದದ್ದನ್ನು ಮಗು ಮಲಗಿದ ಮೇಲೆ ಓದಿ.

ಯಾಕೆ ಕುಡಿಸಬಹುದು?

ಕೋವಿಡ್ ವೈರಸ್ ಮುಖ್ಯವಾಗಿ ಹರಡುವುದು ಉಸಿರು, ಕೆಮ್ಮು, ಸೀನಿನಿಂದ. ಎದೆಹಾಲಿನ ಮೂಲಕ ಮಗುವಿಗೆ ಅಂಟಿದ್ದು ಎಲ್ಲೂ ಖಚಿತವಾಗಿ ಕಂಡುಬಂದಿಲ್ಲ. ಹಾಲಿನಲ್ಲಿ ಸಿಗುವುದು ಪ್ರತಿಕಾಯಗಳು, ಅಂದರೆ ಅಮ್ಮನ ಮೈ ಆ ವೈರಸ್ ಜೊತೆ ಹೋರಾಡಲು ತಯಾರಿಸಿದ ರಕ್ಷಕ ಕಣಗಳು. ಸೋಂಕು ತಗುಲಿದ ಅಮ್ಮಂದಿರ ಹಾಲಿನಲ್ಲೂ ಲಸಿಕೆ ಹಾಕಿಸಿಕೊಂಡವರ ಹಾಲಿನಲ್ಲೂ ಇವು ಸಿಕ್ಕಿವೆ. ಹಾಗಾಗಿ ನೀವು ಕಾಯಬೇಕಾದದ್ದು ನಿಮ್ಮ ಉಸಿರನ್ನು ಮತ್ತು ಕೈಯನ್ನು. ಹಾಲು ತನ್ನ ಪಾಡಿಗೆ ಇರಲಿ.

2020ರ ಮೊದಲ ತಿಂಗಳುಗಳಲ್ಲಿ ಇದು ಇಷ್ಟು ಸ್ಪಷ್ಟವಿರಲಿಲ್ಲ. ಚೀನಾದ ತಜ್ಞರು ಆಗ ಅಮ್ಮ ಮಗುವನ್ನು ಬೇರೆ ಮಾಡಿ ಅಂದರು. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಏಪ್ರಿಲ್‌ನಲ್ಲಿ ಹಾಗೇ ಹೇಳಿ, ಜುಲೈನಲ್ಲಿ ಸಲಹೆ ಬದಲಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಶುರುವಿನಿಂದಲೂ ಜೊತೆಗಿಡಿ, ಹಾಲೂಡಿಸಿ ಅನ್ನುತ್ತಲೇ ಬಂತು. ತೊಂದರೆ ಏನೆಂದರೆ ಹಳೆಯ ಸಲಹೆಗಳ ಸ್ಕ್ರೀನ್‌ಶಾಟುಗಳು ಇವತ್ತಿಗೂ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತಿವೆ. ಯಾರಾದರೂ ಕಳಿಸಿದರೆ ಮೊದಲು ತಾರೀಕು ನೋಡಿ.

ಒಂದು ಎಚ್ಚರಿಕೆ. ಇದು ಕೋವಿಡ್ ಮತ್ತು ಎಚ್1ಎನ್1ನಂಥ ಫ್ಲೂ ಜ್ವರಗಳಿಗೆ ಸಲ್ಲುವ ಮಾತು, ಎಲ್ಲ ವೈರಸ್‌ಗಳಿಗೂ ಅಲ್ಲ. ಎಬೋಲಾ ಬಂದ ತಾಯಿ ಹಾಲೂಡಿಸಬಾರದು. ಎಚ್‌ಐವಿ ಇದ್ದರೆ ಔಷಧಿಯ ಲೆಕ್ಕಾಚಾರವೇ ಬೇರೆ. ಹೆರಿಗೆಯ ಆಸುಪಾಸಿನಲ್ಲಿ ಚಿಕನ್‌ಪಾಕ್ಸ್ ಬಂದರೆ ಸ್ವಲ್ಪ ದಿನ ಬೇರೆ ಇಡಬೇಕಾಗಬಹುದು. ನಾಳೆ ಹೊಸ ಹೆಸರಿನ ಕಾಯಿಲೆ ಬಂದರೆ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಇದು ಹಾಲಿನಲ್ಲಿ ಹೋಗುತ್ತದಾ? ಮೈ ಮುಟ್ಟಿದರೆ ಹರಡುತ್ತದಾ? ನನಗೆ ಕೊಡುವ ಔಷಧಿ ಹಾಲಿಗೆ ಇಳಿಯುತ್ತದಾ?

ಮೊದಲು ಇಷ್ಟು ಸಾಮಾನು ಕೈಗೆ ಸಿಗುವಂತಿರಲಿ

ಸರ್ಜಿಕಲ್ ಅಥವಾ ಎನ್95 ಮಾಸ್ಕ್. ಸೋಪು. ಥರ್ಮಾಮೀಟರ್. ಪಲ್ಸ್ ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪುಟ್ಟ ಯಂತ್ರ. ಮುಚ್ಚಳ ಇರುವ ಎರಡು ಸಣ್ಣ ಸ್ಟೀಲ್ ಡಬ್ಬಿ. ಅಗಲ ಬಾಯಿಯ ಒಂದು ಸ್ಟೀಲ್ ಬಟ್ಟಲು. ಒಂದು ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು. ಆಸ್ಪತ್ರೆಯ ತಾಯಿ ಕಾರ್ಡ್, ಆಶಾ ಕಾರ್ಯಕರ್ತೆಯ ಫೋನ್ ನಂಬರ್. ಅಷ್ಟೇ. ಸಾವಿರಾರು ರೂಪಾಯಿಯ ಪಂಪು ಇಲ್ಲದೆಯೂ ಕೆಲಸ ನಡೆಯುತ್ತದೆ, ಹೇಗೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ಹೆರಿಗೆಗೆ ಮೊದಲೇ ಆಸ್ಪತ್ರೆಯಲ್ಲಿ ಕೇಳಿಟ್ಟುಕೊಳ್ಳಿ

ನೋವು ಶುರುವಾದ ಮೇಲೆ ಚರ್ಚೆ ಮಾಡಲು ಆಗುವುದಿಲ್ಲ. ಎಂಟನೇ ತಿಂಗಳ ಚೆಕಪ್‌ಗೆ ಹೋದಾಗಲೇ ಕೇಳಿ. ನನಗೆ ಪಾಸಿಟಿವ್ ಬಂದರೆ ಮಗುವನ್ನು ನನ್ನ ಕೋಣೆಯಲ್ಲೇ ಇಡುತ್ತೀರಾ? ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕುತ್ತೀರಾ? ಸಿಸೇರಿಯನ್ ಆದರೆ ಯಾರು ಸಹಾಯ ಮಾಡುತ್ತಾರೆ? ಜೊತೆಗೆ ಒಬ್ಬರು ಇರಬಹುದಾ?

ಮಗು ಹುಷಾರಾಗಿದ್ದು, ನೀವೂ ಕೂರುವಷ್ಟು ಗಟ್ಟಿಯಿದ್ದರೆ ಮೊದಲ ಎರಡಕ್ಕೂ ಕೊನೆಯದಕ್ಕೂ "ಹೌದು" ಅನ್ನುವ ಉತ್ತರವೇ ಬರಬೇಕು. ಹುಟ್ಟಿದ ಕೂಡಲೆ ಮಗುವನ್ನು ಬಟ್ಟೆಯಿಲ್ಲದೆ ಅಮ್ಮನ ಎದೆಯ ಮೇಲೆ ಮಲಗಿಸುವುದನ್ನು ಕೋವಿಡ್ ಇದ್ದರೂ ಮಾಡಬಹುದು, ಅಮ್ಮನಿಗೆ ಮಾಸ್ಕ್ ಇರಬೇಕು.

ತೂಕ ಕಡಿಮೆ ಇರುವ ಕೂಸಿಗಂತೂ ಇದನ್ನು ತಪ್ಪಿಸಲೇಬಾರದು. ಕಾಂಗರೂ ಆರೈಕೆ ಅನ್ನುತ್ತಾರಲ್ಲ, ಮಗುವನ್ನು ಗಂಟೆಗಟ್ಟಲೆ ಎದೆಗವಚಿ ಕಟ್ಟಿಕೊಂಡಿರುವುದು, ಅದು. 2021ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಗಾರ ಸಂಶೋಧಕರು ಲೆಕ್ಕ ಹಾಕಿ ಹೇಳಿದ್ದು ಇಷ್ಟು: ಕಾಂಗರೂ ಆರೈಕೆ ಎಲ್ಲರಿಗೂ ಸಿಕ್ಕರೆ 1.25 ಲಕ್ಷ ಎಳೆಗೂಸುಗಳ ಜೀವ ಉಳಿಯಬಹುದು. ಕೋವಿಡ್‌ನಿಂದ ಸಾಯಬಹುದಾದ ನವಜಾತ ಶಿಶುಗಳು 2,000ಕ್ಕಿಂತ ಕಡಿಮೆ. ಯಾವುದಕ್ಕೆ ಹೆದರಬೇಕು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ ಅಲ್ವಾ?

ಇಲ್ಲಿ ಜನ ಎಡವುವುದು ಮೊದಲ ಹಾಲಿನ ವಿಷಯದಲ್ಲಿ. ಹಳದಿಯಾಗಿ, ಅಂಟಂಟಾಗಿ ಬರುವ ಹಾಲನ್ನು "ಸೋಂಕಿನ ಹಾಲು" ಅಂತ ಚೆಲ್ಲಿದವರಿದ್ದಾರೆ. ಅದು ಗಿಣ್ಣು ಹಾಲು. ರಕ್ಷಣೆ ಜಾಸ್ತಿ ಇರುವುದೇ ಅದರಲ್ಲಿ. ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಒಂದು ಚಮಚ, ಅಂದರೆ 5ರಿಂದ 7 ಮಿಲಿ ಸಾಕು. "ಹಾಲೇ ಬರ್ತಿಲ್ಲ" ಅಂತ ಸಕ್ಕರೆ ನೀರು, ಜೇನುತುಪ್ಪ ಕೊಡಬೇಡಿ. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡವೇ ಬೇಡ. ಅದರಿಂದ ಬಾಟ್ಯುಲಿಸಂ ಅನ್ನುವ, ನರಗಳ ಬಲ ಕುಂದಿಸುವ ಕಾಯಿಲೆ ಬರಬಹುದು.

ಹಂತ 2: ಕೋಣೆ ಸಿದ್ಧ ಮಾಡಿ

ನಮ್ಮ ಬಾಣಂತಿ ಕೋಣೆ ಒಂದು ರೀತಿಯಲ್ಲಿ ಮೊದಲಿನಿಂದಲೂ ಐಸೊಲೇಶನ್ ವಾರ್ಡೇ. ಹೊರಗಿನವರು ಬರುವ ಹಾಗಿಲ್ಲ, ಕೈಕಾಲು ತೊಳೆಯದೆ ಮಗು ಮುಟ್ಟುವ ಹಾಗಿಲ್ಲ. ಇವೆರಡೂ ಹಿರಿಯರು ಮಾಡಿಟ್ಟ ಒಳ್ಳೆಯ ಪದ್ಧತಿಗಳು, ಹಾಗೇ ಮುಂದುವರಿಸಿ. ಆದರೆ ಅದು ಕಿಟಕಿ ಮುಚ್ಚಿದ ವಾರ್ಡು. ಗಾಳಿಯಲ್ಲಿ ಹರಡುವ ಕಾಯಿಲೆಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ.

ಒಂದು ಕಿಟಕಿಯಾದರೂ ತೆರೆದಿರಲಿ. ಶೀತ ಆಗುತ್ತದೆ ಅನ್ನುವ ಭಯವಿದ್ದರೆ ಮಗುವಿಗೆ ಟೋಪಿ ಹಾಕಿ, ತೊಟ್ಟಿಲನ್ನು ನೇರ ಗಾಳಿ ಬಡಿಯದ ಕಡೆ ಇಡಿ. ಸಾಂಬ್ರಾಣಿ ಹೊಗೆ ಈ ದಿನಗಳಲ್ಲಿ ಬೇಡ. ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆಯಂತೂ ಯಾವ ಕಾಲಕ್ಕೂ ಬೇಡ: ಮುಚ್ಚಿದ ಕೋಣೆಯಲ್ಲಿ ಅದು ಬಿಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೀವ ತೆಗೆಯುತ್ತದೆ.

ಹಾಲು ಕುಡಿಸದ ಹೊತ್ತಿನಲ್ಲಿ ತೊಟ್ಟಿಲು ನಿಮ್ಮ ಹಾಸಿಗೆಯಿಂದ ಆರು ಅಡಿ ದೂರ ಇದ್ದರೆ ಒಳ್ಳೆಯದು. ಮನೆ ಚಿಕ್ಕದಿದ್ದರೆ ಎಷ್ಟು ದೂರ ಸಾಧ್ಯವೋ ಅಷ್ಟು. ಒಂದೇ ಕೋಣೆಯ ಮನೆಯಲ್ಲಿ ಆರು ಅಡಿ ಎಲ್ಲಿಂದ ತರುವುದು ಅಂತ ಕೊರಗಬೇಡಿ, ಮಾಸ್ಕು ಮತ್ತು ಕಿಟಕಿಯೇ ಹೆಚ್ಚಿನ ಕೆಲಸ ಮಾಡುತ್ತವೆ.

ಮಗುವನ್ನು ಅಜ್ಜಿಯ ಹತ್ತಿರ ಕಳಿಸಿಬಿಡೋಣ ಅನ್ನುವವರಿಗೆ ಒಂದು ಮಾತು. ಕೋವಿಡ್ ಇರುವವರು ಲಕ್ಷಣ ಕಾಣುವ ಎರಡು ದಿನ ಮೊದಲಿಂದಲೇ ಸೋಂಕು ಹರಡುತ್ತಿರುತ್ತಾರೆ. ನಿಮಗೆ ಜ್ವರ ಬರುವ ಹೊತ್ತಿಗೆ ಮಗುವಿಗೆ ಆಗಲೇ ತಗುಲಿರಬಹುದು. ಈಗ ಕಳಿಸಿದರೆ ಅದನ್ನು ಎಪ್ಪತ್ತರ ಅಜ್ಜಿಯ ಮಡಿಲಿಗೆ ದಾಟಿಸಿದ ಹಾಗೆ. ನೀವು ಮಗುವನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಮನೆಯಲ್ಲಿ ವಯಸ್ಸು ಕಡಿಮೆಯಿರುವ, ಬಿಪಿ ಶುಗರ್ ಇಲ್ಲದ, ಲಸಿಕೆ ಆಗಿರುವ ಒಬ್ಬರನ್ನು ಹಿಡಿಯಿರಿ. ಅವರಿಗೂ ಮಾಸ್ಕ್. ಬಹಳಷ್ಟು ಮನೆಯಲ್ಲಿ ಆ ಒಬ್ಬರು ಮಗುವಿನ ಅಪ್ಪನೇ ಆಗಿರುತ್ತಾರೆ, ಆದರೆ ಯಾರೂ ಅವರ ಹೆಸರು ಹೇಳುವುದಿಲ್ಲ!

ಹಂತ 3: ಪ್ರತಿ ಸಲ ಹಾಲು ಕುಡಿಸುವಾಗ

1. ಮಾಸ್ಕ್ ಮೊದಲು, ಕೈ ಆಮೇಲೆ. ತಿರುಗಾಮುರುಗಾ ಮಾಡಿದರೆ ತೊಳೆದ ಕೈಯಲ್ಲೇ ಮಾಸ್ಕ್ ಮುಟ್ಟಿ, ಅದೇ ಕೈಯಲ್ಲಿ ಮಗು ಎತ್ತುತ್ತೀರಿ. ಮೂಗು, ಬಾಯಿ ಎರಡೂ ಮುಚ್ಚಿರಬೇಕು. ಒದ್ದೆಯಾದರೆ ಬದಲಿಸಿ.

2. ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಿರಿ. ಬೆರಳ ಸಂದು, ಉಗುರು, ಬಳೆಯ ಕೆಳಗೆ. ಅರ್ಧ ರಾತ್ರಿ ಎದ್ದು ಬಚ್ಚಲಿಗೆ ಹೋಗಲು ಆಗದಿದ್ದರೆ ಸ್ಯಾನಿಟೈಸರ್ ಸಾಕು, ಪೂರ್ತಿ ಒಣಗಲು ಬಿಡಿ.

3. ಆರಾಮಾಗಿ ಕೂತು ಮಗುವನ್ನು ಎದೆಯ ಹತ್ತಿರ ತನ್ನಿ, ನೀವು ಬಗ್ಗಿ ಎದೆಯನ್ನು ಮಗುವಿನ ಹತ್ತಿರ ಒಯ್ಯಬೇಡಿ. ಮೊಲೆತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಆದಷ್ಟು ಬಾಯೊಳಗೆ ಹೋಗಬೇಕು. ಸಿಸೇರಿಯನ್ ಆಗಿದ್ದರೆ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡ ಹಾಗೆ, ಕಾಲು ಹಿಂದಕ್ಕೆ ಬರುವಂತೆ ಹಿಡಿಯಿರಿ. ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ.

4. ಕೆಮ್ಮು ಬಂದರೆ ಮುಖ ತಿರುಗಿಸಿ. ಮಾಸ್ಕ್ ಕೆಳಗಿಳಿಸಿ ಕೆಮ್ಮಬೇಡಿ. ನಗಬೇಡಿ, ಹಾಗೆ ಮಾಡುವವರು ತುಂಬ ಜನ ಇದ್ದಾರೆ.

5. ಮುಗಿದ ಮೇಲೆ ಮತ್ತೆ ಕೈ ತೊಳೆಯಿರಿ.

ಎದೆಯನ್ನು ಪ್ರತಿ ಸಲ ತೊಳೆಯಬೇಕಾ ಅಂತ ಕೇಳುತ್ತಾರೆ. ಬೇಡ. ತೆರೆದ ಎದೆಯ ಮೇಲೆ ಕೆಮ್ಮಿದ್ದರೆ ಮಾತ್ರ ಸೋಪು, ಬೆಚ್ಚಗಿನ ನೀರಿನಲ್ಲಿ ತೊಳೆದುಕೊಳ್ಳಿ. ಮೊಲೆತೊಟ್ಟಿಗೆ ಸ್ಯಾನಿಟೈಸರ್, ಡೆಟಾಲು ಹಚ್ಚಿದರೆ ಚರ್ಮ ಒಣಗಿ ಬಿರುಕು ಬಿಡುತ್ತದೆ. ಆಮೇಲೆ ನೋವಿಗೆ ಹೆದರಿ ಕುಡಿಸುವುದೇ ನಿಲ್ಲುತ್ತದೆ.

ಮಗುವಿಗೆ ಮಾಸ್ಕ್ ಹಾಕಬೇಡಿ. ಮುಖದ ಮೇಲೆ ಪ್ಲಾಸ್ಟಿಕ್ ಶೀಲ್ಡ್, ಬಟ್ಟೆ ಯಾವುದೂ ಬೇಡ. ಎರಡು ವರ್ಷದೊಳಗಿನ ಮಗು ಉಸಿರು ಕಟ್ಟಿದರೆ ಅದನ್ನು ತೆಗೆದುಕೊಳ್ಳಲಾರದು.

ಒಳ್ಳೆಯ ಮಾಸ್ಕ್ ಮನೆಯಲ್ಲಿ ಇಲ್ಲವೇ? ಅದು ಬರುವವರೆಗೆ ಮಗುವನ್ನು ಹಸಿದಿರಲು ಬಿಡಬೇಡಿ. ಮಡಚಿದ ಹತ್ತಿ ಬಟ್ಟೆ ಕಟ್ಟಿಕೊಂಡು ಕುಡಿಸಿ.

ದಿನಕ್ಕೆ 8ರಿಂದ 12 ಸಲ. ಗಡಿಯಾರ ನೋಡುವುದಕ್ಕಿಂತ ಮಗುವನ್ನು ನೋಡಿ: ಬಾಯಿ ಚಪ್ಪರಿಸುವುದು, ಕೈ ಬಾಯಿಗೆ ಒಯ್ಯುವುದು, ತಲೆ ಆಚೀಚೆ ತಿರುಗಿಸಿ ಹುಡುಕುವುದು. ಅಳು ಕೊನೆಯ ಕರೆ.

ಹಂತ 4: ಎದೆಗೆ ಹಾಕಲು ಆಗದಷ್ಟು ಸುಸ್ತಾದರೆ ಹಾಲು ಹಿಂಡಿ ಕೊಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜಾಸ್ತಿ ಜನ ಹಾಲು ಕಳೆದುಕೊಳ್ಳುವುದು ಈ ಹಂತದಲ್ಲೇ.

ಎದೆಹಾಲು ಕೊಡದಿಂದ ನೀರು ಮೊಗೆದ ಹಾಗಲ್ಲ, ಬಾವಿಯಿಂದ ಸೇದಿದ ಹಾಗೆ. ತೆಗೆದಷ್ಟೂ ಊರುತ್ತದೆ. ತೆಗೆಯದಿದ್ದರೆ ಮೈಗೆ "ಇನ್ನು ಬೇಕಿಲ್ಲ" ಅನ್ನುವ ಸುದ್ದಿ ಹೋಗುತ್ತದೆ. ಮೂರು ನಾಲ್ಕು ದಿನ ಬಿಟ್ಟರೆ ಎದೆ ಮೊದಲು ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ, ಆಮೇಲೆ ಬತ್ತತೊಡಗುತ್ತದೆ. ಹಾಗಾಗಿ ಮಗು ಕುಡಿಯದ ಪ್ರತಿ ಸಲವೂ ಹಾಲು ತೆಗೆಯಲೇಬೇಕು: ಎರಡು ಮೂರು ಗಂಟೆಗೊಮ್ಮೆ, ದಿನಕ್ಕೆ ಎಂಟು ಸಲ, ಅದರಲ್ಲಿ ಒಂದಾದರೂ ರಾತ್ರಿ. ಹಾಲು ತಯಾರಿಸಲು ಹೇಳುವ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ರಾತ್ರಿ ಹೊತ್ತು ಹೆಚ್ಚಿರುತ್ತದೆ.

ಕೈಯಿಂದ ತೆಗೆಯುವುದು ಹೀಗೆ. ಮಾಸ್ಕ್, ಕೈ ತೊಳೆಯುವುದು ಆಯಿತು. ಕುದಿಸಿ ಆರಿಸಿದ ಸ್ಟೀಲ್ ಬಟ್ಟಲು ಮಡಿಲಲ್ಲಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಎರಡು ನಿಮಿಷ ಇಡಿ. ಬೆರಳ ತುದಿಯಿಂದ ಮೇಲಿನಿಂದ ತೊಟ್ಟಿನ ಕಡೆಗೆ ಮೆಲ್ಲಗೆ ತೀಡಿ. ಈಗ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಸುಮಾರು ಒಂದು ಇಂಚು ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ. ಆಮೇಲೆ ಎರಡು ಬೆರಳನ್ನೂ ಒಂದಕ್ಕೊಂದು ಅದುಮಿ. ಬಿಡಿ. ಮತ್ತೆ ಒತ್ತಿ, ಅದುಮಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಎಳೆಯಬಾರದು. ನೋವಾದರೆ ಬೆರಳು ಇಟ್ಟ ಜಾಗ ತಪ್ಪಿದೆ ಅಂತ ಅರ್ಥ.

ಮೊದಲ ಒಂದೆರಡು ನಿಮಿಷ ಏನೂ ಬರುವುದಿಲ್ಲ. ಆಮೇಲೆ ಒಂದು ಹನಿ, ಬಟ್ಟಲ ಅಂಚಿಗೆ ಅಂಟಿಕೊಂಡು ನಿಲ್ಲುತ್ತದೆ. ಇನ್ನೊಂದು. ಇದ್ದಕ್ಕಿದ್ದ ಹಾಗೆ ಮೂರು ನಾಲ್ಕು ಎಳೆಯಾಗಿ ಚಿಮ್ಮುತ್ತದೆ, ಸ್ಟೀಲಿನ ಮೇಲೆ ಸಣ್ಣ ಸದ್ದು ಕೇಳುತ್ತದೆ. ಅದೇ ಹಾಲು ಇಳಿಯುವ ಗಳಿಗೆ. ಕರು ಬಿಟ್ಟರೆ ಹಸು ಸೊರ ಬಿಡುತ್ತದೆ ಅನ್ನುತ್ತಾರಲ್ಲ, ನಮ್ಮಲ್ಲೂ ಹಾಗೇ. ಗಾಬರಿ, ನೋವು ಇದನ್ನು ತಡೆಯುತ್ತವೆ. ಮಗು ಬೇರೆ ಕೋಣೆಯಲ್ಲಿದ್ದರೆ ವಿಡಿಯೋ ಕಾಲ್ ಮಾಡಿ ಮಗುವಿನ ಮುಖ ನೋಡುತ್ತಾ ತೆಗೆಯಿರಿ, ಅದರ ಅಂಗಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಬದಿ ನಾಲ್ಕೈದು ನಿಮಿಷ, ಇನ್ನೊಂದು ಬದಿ ಅಷ್ಟೇ, ಮತ್ತೆ ಮೊದಲಿನದು. ಒಟ್ಟು ಇಪ್ಪತ್ತು, ಮೂವತ್ತು ನಿಮಿಷ ಹಿಡಿಯುತ್ತದೆ.

ಪಂಪ್ ಇದ್ದರೆ ಬಳಸಿ. ಒಬ್ಬರ ಪಂಪನ್ನು ಇನ್ನೊಬ್ಬರು ಬಳಸಬೇಡಿ. ಹಾಲು ತಾಗುವ ಭಾಗಗಳನ್ನು ಪ್ರತಿ ಸಲ ಬಿಚ್ಚಿ ತೊಳೆಯಿರಿ.

ಎಷ್ಟು ಹೊತ್ತು ಇಡಬಹುದು? ಹೊರಗೆ 25 ಡಿಗ್ರಿ ಒಳಗಿದ್ದರೆ 4 ಗಂಟೆ. ಮಡಿಕೇರಿಯ ಲೆಕ್ಕ ರಾಯಚೂರಿಗೆ ಬರುವುದಿಲ್ಲ. ಬೇಸಿಗೆಯಲ್ಲಿ ತೆಗೆದ ಕೂಡಲೆ ಕುಡಿಸಿ, ಇಲ್ಲವೇ ಫ್ರಿಜ್‌ಗೆ ಇಡಿ. ಫ್ರಿಜ್‌ನಲ್ಲಿ 4 ದಿನ, ಆದರೆ ಬಾಗಿಲಲ್ಲಿ ಬೇಡ, ಹಿಂಬದಿಯಲ್ಲಿ ಇಡಿ. ಕರೆಂಟ್ ಗಂಟೆಗಟ್ಟಲೆ ಹೋಗುವ ಊರಾದರೆ ಅದೇ ದಿನ ಮುಗಿಸಿ. ಡಬ್ಬಿಯ ಮೇಲೆ ಹೊತ್ತು ಬರೆದಿಡಿ. ಬೆಚ್ಚಗೆ ಮಾಡಲು ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಒಲೆಯ ಮೇಲೆ ಕುದಿಸಬೇಡಿ, ಮೈಕ್ರೋವೇವ್‌ನಲ್ಲಿ ಇಡಬೇಡಿ. ಹಾಲು ಮೇಲೆ ಕೆನೆ, ಕೆಳಗೆ ನೀರು ಅಂತ ಬೇರೆಯಾಗಿ ಕಂಡರೆ ಕೆಟ್ಟಿಲ್ಲ, ಮೆಲ್ಲಗೆ ಅಲುಗಾಡಿಸಿ.

ಕೊಡುವುದು ಒಳಲೆಯಲ್ಲಿ. ಬಾಟಲಿಗಿಂತ ಒಳಲೆ ಒಳ್ಳೆಯದು ಅಂತ ನಾನು ಹೇಳುವುದು ಹಳೆಯದರ ಮೇಲಿನ ಮೋಹಕ್ಕಲ್ಲ. ಬಾಟಲಿಯಿಂದ ಹಾಲು ಸಲೀಸಾಗಿ ಬರುತ್ತದೆ. ಅದಕ್ಕೆ ಒಗ್ಗಿಕೊಂಡ ಕೆಲವು ಮಕ್ಕಳು ವಾಪಸು ಎದೆಗೆ ಬರಲು ಹಟ ಮಾಡುತ್ತವೆ. ಬಾಟಲಿಯ ನಿಪ್ಪಲ್ಲಿನ ಒಳಭಾಗ ತೊಳೆಯುವುದೂ ಕಷ್ಟ. ಒಳಲೆ ಹಿಡಿಯುವ ರೀತಿ ಅಜ್ಜಿಗೆ ಗೊತ್ತು, ಆದರೆ ಒಂದು ತಿದ್ದುಪಡಿ ಬೇಕು: ಮಗುವನ್ನು ಮಲಗಿಸಿ ಮೂಗು ಹಿಡಿದು ಸುರಿಯಬಾರದು. ಎಚ್ಚರವಾಗಿರುವ ಮಗುವನ್ನು ತಲೆ ಎತ್ತರವಾಗಿ ಕೂರಿಸಿಕೊಳ್ಳಿ. ಒಳಲೆಯ ಮೂತಿಯನ್ನು ಕೆಳತುಟಿಯ ಮೇಲೆ, ಬಾಯ ಮೂಲೆಗೆ ಇಡಿ. ಹಾಲು ತುಟಿಗೆ ತಾಗುವಷ್ಟು ಮಾತ್ರ ಬಗ್ಗಿಸಿ. ಮಗು ನುಂಗಿದ ಮೇಲೆ ಇನ್ನಷ್ಟು. ವೇಗ ಮಗುವಿನದು, ನಿಮ್ಮದಲ್ಲ. ಬೆಳ್ಳಿ ಒಳಲೆಯಾದರೆ ಮೂತಿಯ ಕೆತ್ತನೆಯಲ್ಲಿ ಹಾಲು ಕೂತಿರುತ್ತದೆ. ಉಜ್ಜಿ ತೊಳೆದು 10 ನಿಮಿಷ ಕುದಿಸಿ.

ಎಷ್ಟು ಕೊಡಬೇಕು? ಒಂದು ವಾರ ಕಳೆದ ಮಗುವಿಗೆ ಕಿಲೋಗೆ 150 ಮಿಲಿ ದಿನಕ್ಕೆ. ಮೂರು ಕಿಲೋ ಮಗುವಿಗೆ 450 ಮಿಲಿ, ಎಂಟು ಸಲಕ್ಕೆ ಹಂಚಿದರೆ ಒಂದು ಸಲಕ್ಕೆ 55 ಮಿಲಿಯಷ್ಟು. ತೂಕ ಕಡಿಮೆ ಇದ್ದರೆ, ಅವಧಿಗೆ ಮೊದಲೇ ಹುಟ್ಟಿದ್ದರೆ ವೈದ್ಯರ ಲೆಕ್ಕವೇ ನಡೆಯಲಿ.

ಹಂತ 5: ಹಾಲು ಸಾಕಾಗುತ್ತಿದೆಯಾ?

"ಮಗು ಅಳ್ತಿದೆ, ಹಾಲು ಸಾಲದು" ಅನ್ನುವ ತೀರ್ಮಾನ ನಮ್ಮಲ್ಲಿ ಬಹಳ ಬೇಗ ಬರುತ್ತದೆ. ಅಳುವನ್ನು ನಂಬಬೇಡಿ, ಒದ್ದೆ ಬಟ್ಟೆ ಎಣಿಸಿ. ಆರನೇ ದಿನದಿಂದ 24 ಗಂಟೆಯಲ್ಲಿ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ದರೆ, ತೂಕ ಏರುತ್ತಿದ್ದರೆ ಹಾಲು ಸಾಕು. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದಲ್ಲಿ ಹುಟ್ಟಿದ ತೂಕಕ್ಕೆ ವಾಪಸು ಬರಬೇಕು.

ಹಂತ 6: ಬಾಣಂತಿಯ ಊಟ, ನೀರು, ಔಷಧಿ

ಜ್ವರ ಇರುವ ಬಾಣಂತಿಗೆ ನೀರು ಕಡಿಮೆ ಕೊಡುವುದು ತಪ್ಪು. "ನೀರು ಕುಡಿದರೆ ಹೊಟ್ಟೆ ಬರುತ್ತದೆ" ಅನ್ನುವ ಮಾತನ್ನು ದಯವಿಟ್ಟು ಬಿಡಿ. ಬಾಯಾರಿದಷ್ಟು ಕುಡಿಯಲಿ. ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ, ಅಂಟಿನ ಉಂಡೆ ಎಲ್ಲ ಇರಲಿ. ಜೊತೆಗೆ ಬೇಳೆ, ಮೊಟ್ಟೆ, ಹಣ್ಣು, ಮೊಸರೂ ಇರಲಿ. ಅಂಗನವಾಡಿಯಿಂದ ಬಾಣಂತಿಗೆ ಸಿಗುವ ಆಹಾರವನ್ನು ಸಂಕೋಚಪಟ್ಟು ಬಿಡಬೇಡಿ. ಕಬ್ಬಿಣದ ಮಾತ್ರೆಯನ್ನೂ ನಿಲ್ಲಿಸಬೇಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಹಾಲೂಡಿಸುವವರಿಗೆ ಸುರಕ್ಷಿತ. ಐಬುಪ್ರೊಫೆನ್ ಕೂಡ ಆಗುತ್ತದೆ, ವೈದ್ಯರು ಹೇಳಿದ ಪ್ರಮಾಣದಲ್ಲಿ. ಎಚ್ಚರ ಇರಬೇಕಾದದ್ದು ಅಂಗಡಿಯಲ್ಲಿ ಸಿಗುವ ನೆಗಡಿ ಮಾತ್ರೆಗಳ ಬಗ್ಗೆ. ಮೂಗು ಕಟ್ಟಿದ್ದನ್ನು ಬಿಡಿಸುವ ಸ್ಯೂಡೋಎಫೆಡ್ರಿನ್ ಹಾಲು ಕಡಿಮೆ ಮಾಡುತ್ತದೆ. ನಿದ್ದೆ ಬರಿಸುವ ಕೆಮ್ಮಿನ ಸಿರಪ್ ಕುಡಿದು ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ. ಕೋವಿಡ್‌ಗೆಂದು ಬರೆಯುವ ವೈರಸ್ ನಿರೋಧಕಗಳಲ್ಲಿ ಫ್ಯಾವಿಪಿರಾವಿರ್, ಮೊಲ್ನುಪಿರಾವಿರ್ ಹಾಲೂಡಿಸುವವರಿಗೆ ಸಲ್ಲದವು. ವೈದ್ಯರು ಚೀಟಿ ಬರೆಯುವ ಮೊದಲೇ "ನಾನು ಹಾಲು ಕುಡಿಸ್ತಿದ್ದೀನಿ" ಅಂತ ಹೇಳಿ. ಅವರಿಗೆ ಗೊತ್ತಿರುತ್ತದೆ ಅಂದುಕೊಳ್ಳಬೇಡಿ, ಅದರಲ್ಲೂ ಫೋನಿನಲ್ಲಿ ಮಾತಾಡುವಾಗ.

ಹಬೆ ತೆಗೆದುಕೊಳ್ಳುವುದಾದರೆ ಮಗು ಬೇರೆ ಕೋಣೆಯಲ್ಲಿರಲಿ. ಮಡಿಲಲ್ಲಿ ಮಗು, ಎದುರಿಗೆ ಕುದಿಯುವ ಪಾತ್ರೆ, ನೆನೆದರೇ ಎದೆ ಝಲ್ ಅನ್ನುತ್ತದೆ. ಕರ್ಪೂರ ಇರುವ ಮುಲಾಮನ್ನು ಎದೆಗೆ ಹಚ್ಚಿಕೊಂಡು ಹಾಲು ಕುಡಿಸಬೇಡಿ, ಮಗುವಿಗೂ ಹಚ್ಚಬೇಡಿ. ಕಷಾಯ ನೀವು ಕುಡಿಯಿರಿ, ಮಗುವಿಗೆ ನೆಕ್ಕಿಸಬೇಡಿ. ಬಜೆ ತೇಯ್ದು ಹಾಕುವುದಕ್ಕೂ ಇದೇ ಮಾತು.

ಲಸಿಕೆ? ಹಾಲೂಡಿಸುವ ತಾಯಂದಿರು ಕೋವಿಡ್ ಲಸಿಕೆ ಹಾಕಿಸಿಕೊಳ್ಳಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2021ರ ಮೇ 19ರಂದೇ ಹೇಳಿದೆ. ಲಸಿಕೆ ಆದ ಮೇಲೆ ಒಂದು ದಿನವೂ ಹಾಲು ನಿಲ್ಲಿಸಬೇಕಿಲ್ಲ. ಮಗುವಿನ ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳನ್ನೂ ಸಾಂಕ್ರಾಮಿಕದ ನೆಪದಲ್ಲಿ ತಪ್ಪಿಸಬೇಡಿ. ಮನೆಯಲ್ಲಿ ಸೋಂಕು ಇದ್ದರೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಹೊಸ ದಿನ ಕೇಳಿಕೊಳ್ಳಿ.

ಹಂತ 7: ಯಾವಾಗ ಓಡಬೇಕು

ಮಗುವಿಗೆ ಇವುಗಳಲ್ಲಿ ಒಂದೇ ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ:

- ಕುಡಿಯುವುದು ನಿಲ್ಲಿಸಿದೆ, ಅಥವಾ ಎಬ್ಬಿಸಿದರೂ ಏಳುತ್ತಿಲ್ಲ.
- ಉಸಿರು ಜೋರಾಗಿದೆ. ಒಂದು ನಿಮಿಷ ಪೂರ್ತಿ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ವರ್ಷದವರೆಗೆ 50 ಅಥವಾ ಹೆಚ್ಚು ಇದ್ದರೆ ಅಪಾಯ.
- ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ, ತುಟಿ ನೀಲಿಯಾಗಿದೆ.
- ಎರಡು ತಿಂಗಳೊಳಗಿನ ಮಗುವಿನ ಕಂಕುಳಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು, ಇಲ್ಲವೇ 35.5ಕ್ಕಿಂತ ಕಡಿಮೆ.
- ಫಿಟ್ಸ್.

ಅಮ್ಮನಿಗೆ: ಆಕ್ಸಿಮೀಟರ್‌ನಲ್ಲಿ 93 ಅಥವಾ ಕಡಿಮೆ, ಉಸಿರಾಡಲು ಕಷ್ಟ, ಎದೆ ನೋವು, ಮಂಕು ಕವಿಯುವುದು. ಉಗುರಿಗೆ ಬಣ್ಣ, ಸೀಮಂತದ ಮೆಹಂದಿ ಇದ್ದರೆ ಆಕ್ಸಿಮೀಟರ್ ಲೆಕ್ಕ ತಪ್ಪಬಹುದು, ಬಣ್ಣವಿಲ್ಲದ ಬೆರಳು ನೋಡಿ. ಜ್ವರ ಎಲ್ಲವೂ ಕೋವಿಡ್ ಅಲ್ಲ ಅನ್ನುವುದೂ ನೆನಪಿರಲಿ. ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿದ್ದರೆ ಅದು ಎದೆ ಬಾವು. ಆಗಲೂ ಹಾಲು ತೆಗೆಯುತ್ತಲೇ ಇರಬೇಕು, ವೈದ್ಯರನ್ನೂ ನೋಡಬೇಕು. ಹೊಟ್ಟೆ ನೋವು, ಕೆಟ್ಟ ವಾಸನೆಯ ಸ್ರಾವ, ಜಾಸ್ತಿ ರಕ್ತ ಹೋಗುವುದು ಬಾಣಂತನದ ಸೋಂಕಿನ ಗುರುತು, ಕೋವಿಡ್ ಲೆಕ್ಕಕ್ಕೆ ಸೇರಿಸಿ ಸುಮ್ನೆ ಇರಬೇಡಿ.

ಆಂಬುಲೆನ್ಸ್‌ಗೆ 108. ಸಲಹೆಗೆ 104, ಆರೋಗ್ಯ ಸಹಾಯವಾಣಿ. ಕೋಣೆಯೊಳಗೆ ಒಬ್ಬಳೇ ಕೂತು ಅಳು ನಿಲ್ಲದಿದ್ದರೆ, ಮಗುವನ್ನು ನೋಡಿದರೂ ಏನೂ ಅನ್ನಿಸದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಮ್ಮ ಐಸಿಯುನಲ್ಲಿದ್ದರೆ ಅವಳ ಉಸಿರೇ ಮೊದಲು. ಆಗ ಹಾಲಿಗಾಗಿ ಒತ್ತಾಯ ಮಾಡಬೇಡಿ. ನರ್ಸ್ ಸಹಾಯದಿಂದ ಎದೆ ಹಗುರ ಮಾಡಿಸಲು ಆಗುತ್ತದಾ ಅಂತ ಕೇಳಿ ನೋಡಿ.

ಹಂತ 8: ಪುಡಿ ಹಾಲು ಕೊಡಲೇಬೇಕಾದರೆ

ಕೆಲವು ಸಲ ಬೇರೆ ದಾರಿ ಇರುವುದಿಲ್ಲ. ಅದಕ್ಕೆ ತಲೆ ತಗ್ಗಿಸಬೇಕಿಲ್ಲ. ಮೊದಲು ಆಸ್ಪತ್ರೆಯಲ್ಲಿ ಹಾಲಿನ ಬ್ಯಾಂಕ್ ಇದೆಯಾ ಕೇಳಿ. ದಾನಿ ತಾಯಂದಿರ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಸಂಗ್ರಹಿಸುವ ಜಾಗ ಅದು. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಶುರುವಾಯಿತು. ಬೆಂಗಳೂರಿನ ವಾಣಿ ವಿಲಾಸದಲ್ಲೂ ಇದೆ. ಆ ಹಾಲು ಮೊದಲು ಹೋಗುವುದು ಕಡಿಮೆ ತೂಕದ ಕೂಸುಗಳಿಗೆ. ಪಕ್ಕದ ಮನೆಯ ಬಾಣಂತಿಯ ಹಾಲನ್ನು ಪರೀಕ್ಷೆ ಇಲ್ಲದೆ ಹಾಗೇ ಕೊಡಬೇಡಿ.

ಪುಡಿಯಾದರೆ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ, ಅಂದರೆ ಕುದಿಸಿ ಅರ್ಧ ಗಂಟೆಯೊಳಗೆ ಪುಡಿ ಬೆರೆಸಿ, ಆರಿಸಿ ಕೊಡಿ. ಚಮಚದ ಲೆಕ್ಕ ಡಬ್ಬಿಯಲ್ಲಿ ಇರುವಷ್ಟೇ. ದುಬಾರಿ ಅಂತ ನೀರು ಜಾಸ್ತಿ ಮಾಡಿದರೆ ಮಗು ಸೊರಗುತ್ತದೆ. ಮಾಡಿಟ್ಟು ಎರಡು ಗಂಟೆ ಮೀರಿದರೆ ಚೆಲ್ಲಿ. ವರ್ಷದೊಳಗೆ ಹಸುವಿನ ಹಾಲು ಕುಡಿಸಬೇಡಿ. ಇನ್ನೊಂದು ವಿಷಯ: 1992ರ ಕಾನೂನಿನ ಪ್ರಕಾರ ಹಾಲಿನ ಪುಡಿಯ ಜಾಹೀರಾತು, ಉಚಿತ ಸ್ಯಾಂಪಲ್ ಎರಡೂ ನಿಷಿದ್ಧ. ಯಾರಾದರೂ "ಕೋವಿಡ್ ಅಲ್ವಾ, ಇಟ್ಟುಕೊಳ್ಳಿ" ಅಂತ ಡಬ್ಬಿ ಕೈಗೆ ಕೊಟ್ಟರೆ ಅದು ಉಪಕಾರ ಅಲ್ಲ.

ಹಂತ 9: ನಿಂತ ಹಾಲು ವಾಪಸು ತರಿಸುವುದು

2020ರಲ್ಲಿ ನನ್ನ ನಾದಿನಿಗೆ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಗುವನ್ನು ಕೊಡಲೇ ಇಲ್ಲ. ಹಾಲು ಹಿಂಡು ಅಂತಲೂ ಯಾರೂ ಹೇಳಲಿಲ್ಲ. ಮನೆಗೆ ಬಂದಾಗ ಎದೆ ಖಾಲಿ. ವಾಪಸು ಬರಲು ಮೂರು ವಾರ ಹಿಡಿಯಿತು, ಆದರೆ ಬಂತು. ಮಾಡಿದ್ದು ಇಷ್ಟೇ.

ಐಸೊಲೇಶನ್ ಮುಗಿದಿದೆಯಾ ಮೊದಲು ನೋಡಿಕೊಳ್ಳಿ. 2022ರ ಜನವರಿಯ ಕೇಂದ್ರದ ನಿಯಮದಂತೆ ಮನೆಯಲ್ಲೇ ಇದ್ದವರಿಗೆ ಪಾಸಿಟಿವ್ ಬಂದು ಕನಿಷ್ಠ 7 ದಿನ, ಜೊತೆಗೆ ಸತತ 3 ದಿನ ಜ್ವರ ಇರಬಾರದು. ಮಾಸ್ಕ್ ತೆಗೆಯುವುದು ಆಮೇಲೆ. ಎದೆಗೆ ಹಾಕಲು ಮಾತ್ರ ಅದಕ್ಕಾಗಿ ಕಾಯಬೇಕಿಲ್ಲ, ಇವತ್ತೇ ಶುರು ಮಾಡಿ.

ಮಗುವನ್ನು ದಿನಕ್ಕೆ ಎಂಟು ಹತ್ತು ಸಲ ಎದೆಗೆ ಹಾಕಿ, ಖಾಲಿಯಿದ್ದರೂ. ತೀರಾ ಹಸಿದಾಗ ಬೇಡ, ರೇಗಿ ಅಳುತ್ತದೆ, ಅರೆನಿದ್ದೆಯಲ್ಲಿದ್ದಾಗ ಹಾಕಿ. ಚೀಪುತ್ತಿರುವಾಗ ಮನೆಯವರೊಬ್ಬರು ಒಳಲೆಯಿಂದ ಎದೆಯ ಮೇಲೆ ಹನಿ ಹನಿ ಹಾಲು ಬಿಡಲಿ, ಅದು ತೊಟ್ಟಿನ ಮೇಲೆ ಇಳಿದು ಮಗುವಿನ ಬಾಯಿಗೆ ಹೋಗುತ್ತದೆ. ಮಗುವಿಗೆ ಎದೆಯಿಂದಲೇ ಹಾಲು ಬರುತ್ತಿದೆ ಅನ್ನಿಸುತ್ತದೆ, ಬಿಡದೆ ಚೀಪುತ್ತದೆ. ಪ್ರತಿ ಸಲ ಆದ ಮೇಲೆ ಹತ್ತು ನಿಮಿಷ ಕೈಯಿಂದ ಹಿಂಡಿ. ಹೊರಗಿನ ಹಾಲನ್ನು ಒಂದೇ ಸಲ ನಿಲ್ಲಿಸಬೇಡಿ. ನಿಮ್ಮ ಹಾಲು ಕಾಣಿಸಿಕೊಂಡ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ, ಒದ್ದೆ ಬಟ್ಟೆ ಆರಕ್ಕಿಂತ ಕಡಿಮೆಯಾದರೆ ಹಿಂದಿನ ಅಳತೆಗೆ ಹೋಗಿ. ವಾರಕ್ಕೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ತೂಕ ನೋಡಿಸಿ, ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ.